ಸೊಪ್ಪು, ಮೊಳಕೆ, ಮಂಗರವಳ್ಳಿ: ವಿಟಮಿನ್ ಡಿ ಕೊರತೆಯಲ್ಲಿ ಮೂಳೆಗೆ ಯಾವುದು ಎಷ್ಟು ಆಸರೆ?

ರಕ್ತ ಪರೀಕ್ಷೆಯ ವರದಿ ಕೈಗೆ ಬಂದಿದೆ. '25-ಹೈಡ್ರಾಕ್ಸಿ ವಿಟಮಿನ್ ಡಿ' ಎಂಬ ಸಾಲಿನ ಮುಂದೆ 11 ಎಂದೋ 9 ಎಂದೋ ಇದೆ. ಡಾಕ್ಟರು ವಾರಕ್ಕೊಂದರಂತೆ ಸ್ಯಾಷೆ ಬರೆದುಕೊಟ್ಟಿದ್ದಾರೆ. ಮನೆ ತಲುಪುವಷ್ಟರಲ್ಲಿ ಸಲಹೆಗಳು ಶುರುವಾಗುತ್ತವೆ. ಅತ್ತೆ ಮಂಗರವಳ್ಳಿ ಚಟ್ನಿ ಎನ್ನುತ್ತಾರೆ, ಪಕ್ಕದ ಮನೆಯವರು ರಾಗಿ ಎನ್ನುತ್ತಾರೆ, ವಾಟ್ಸ್ಆ್ಯಪ್ಪಿನಲ್ಲಿ ಎಳ್ಳು, ನುಗ್ಗೆಸೊಪ್ಪಿನ ಪುಡಿ, ಅರಿಶಿನದ ಕ್ಯಾಪ್ಸೂಲು, ಸೋಯಾ ಎಲ್ಲವೂ ಬಂದು ಬೀಳುತ್ತವೆ. 'ಮಾತ್ರೆ ಯಾಕೆ, ನೈಸರ್ಗಿಕವಾಗಿಯೇ ಸರಿಮಾಡಿಕೊಳ್ಳಿ' ಎಂಬ ಮಾತು ಕೊನೆಗೆ ಇದ್ದೇ ಇರುತ್ತದೆ.

ಈ ಸಲಹೆಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ, ಯಾವುದೂ ಆ ಸ್ಯಾಷೆಯ ಜಾಗಕ್ಕೆ ಬರುವುದೂ ಇಲ್ಲ. ನಾವು ದಿನನಿತ್ಯ ತಿನ್ನುವ ಕಾಳು, ಸೊಪ್ಪು, ತರಕಾರಿಯಲ್ಲಿ ವಿಟಮಿನ್ ಡಿ ಇಲ್ಲವೆಂದೇ ಹೇಳಬೇಕು. ಆದರೆ ಸಸ್ಯಾಹಾರಕ್ಕೂ ಡಿಗೂ ಇನ್ನೊಂದು ಬಗೆಯ ನಂಟಿದೆ, ಅದರ ಬಗ್ಗೆ ಮಾತು ಕಡಿಮೆ. ನಮ್ಮ ಮೈಯಲ್ಲಿರುವ ಅಷ್ಟಿಷ್ಟು ಡಿ ಎಷ್ಟು ಬೇಗ ಖರ್ಚಾಗುತ್ತದೆ ಎಂಬುದರಲ್ಲಿ ಅಡುಗೆಮನೆಯ ಕೈವಾಡ ದೊಡ್ಡದು. ಈ ಲೇಖನದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಡಿ ಇಲ್ಲದಾಗ ಮೂಳೆಗೆ ಆಗುವುದೇನು?

ರಕ್ತದಲ್ಲಿ ಕ್ಯಾಲ್ಸಿಯಂ ಮಟ್ಟ ಏರುಪೇರಾಗುವಂತಿಲ್ಲ. ಹೃದಯದ ಬಡಿತ, ಸ್ನಾಯುಗಳ ಚಲನೆ ಅದನ್ನೇ ನಂಬಿವೆ. ಸಾಕಷ್ಟು ಡಿ ಇದ್ದಾಗ ಊಟದಲ್ಲಿ ಬಂದ ಕ್ಯಾಲ್ಸಿಯಂನಲ್ಲಿ ಶೇ. 30ರಿಂದ 40ರಷ್ಟನ್ನು ಕರುಳು ಹೀರಿಕೊಳ್ಳುತ್ತದೆ, ಇಲ್ಲದಿದ್ದಾಗ ಶೇ. 10–15ಕ್ಕೆ ಇಳಿಯುತ್ತದೆ. ಆಗ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಎಚ್ಚೆತ್ತು ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತವೆ. ಬರಗಾಲದಲ್ಲಿ ಬಿತ್ತನೆಯ ಕಾಳಿಗೂ ಕೈಹಾಕಿ ಕಣಜ ಬರಿದುಮಾಡಿದಂತೆ ಇದು. ರಕ್ತದ ವರದಿಯಲ್ಲಿ ಕ್ಯಾಲ್ಸಿಯಂ 'ನಾರ್ಮಲ್' ಎಂದು ಕಂಡರೂ ಮೂಳೆ ಒಳಗೊಳಗೇ ಸೊರಗುತ್ತಿರುತ್ತದೆ.

ಕೊರತೆ ತೀವ್ರವಾಗಿ ವರ್ಷಗಟ್ಟಲೆ ಉಳಿದರೆ ದೊಡ್ಡವರಲ್ಲಿ ಮೂಳೆ ಮೆತ್ತಗಾಗುತ್ತದೆ, ಮಕ್ಕಳಲ್ಲಿ ಕಾಲು ಬಾಗುವ ರಿಕೆಟ್ಸ್ ಬರುತ್ತದೆ. ದೊಡ್ಡವರಲ್ಲಿ ಇದನ್ನು ಗುರುತಿಸುವುದು ಕಷ್ಟವಲ್ಲ. ನೆಲದ ಮೇಲೆ ಕುಳಿತವರು ಏಳುವಾಗ ಎರಡೂ ಕೈಗಳನ್ನು ತೊಡೆಯ ಮೇಲೆ ಊರುತ್ತಾರೆ, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಮೈ ಎಳೆದುಕೊಳ್ಳುತ್ತಾರೆ, ನಡಿಗೆ ಅತ್ತಿತ್ತ ವಾಲುತ್ತದೆ, ಕಣಕಾಲ ಮುಂಭಾಗವನ್ನೋ ಎದೆಗೂಡನ್ನೋ ಬೆರಳಿನಿಂದ ಒತ್ತಿದರೆ ನೋವು. ಇಂಥವರನ್ನು 'ವಯಸ್ಸಾಯಿತು, ಮೂಳೆ ಸವೆದಿದೆ' ಎಂದು ಸುಮ್ಮನೆ ಬಿಟ್ಟುಬಿಡುತ್ತೇವೆ. ಇದು ಸವೆತವಲ್ಲ. ಸರಿಯಾಗಿ ಡಿ ಮತ್ತು ಕ್ಯಾಲ್ಸಿಯಂ ಕೊಟ್ಟರೆ ಬಹಳಷ್ಟು ಜನ ಕೆಲವೇ ತಿಂಗಳಲ್ಲಿ ಕೈ ಊರದೆ ಏಳುತ್ತಾರೆ. ಅದಕ್ಕೇ, ಮನೆಯ ಹಿರಿಯರು ಏಳುವ ಬಗೆಯನ್ನು ಒಮ್ಮೆ ಗಮನಿಸಿ ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಅಡುಗೆಮನೆ ಡಿ ಖರ್ಚು ಮಾಡಿಸುವ ಬಗೆ

1919ರ ಸುಮಾರಿಗೆ ಇಂಗ್ಲೆಂಡಿನ ಎಡ್ವರ್ಡ್ ಮೆಲನ್ಬಿ ನಾಯಿಮರಿಗಳಿಗೆ ಬೇರೆ ಬೇರೆ ಆಹಾರ ಕೊಟ್ಟು ರಿಕೆಟ್ಸ್ ಬಗ್ಗೆ ಪ್ರಯೋಗ ಮಾಡಿದರು. ಕಾಡ್ ಮೀನಿನ ಲಿವರ್ ಎಣ್ಣೆ ಕೊಟ್ಟಾಗ ರೋಗ ಬರಲಿಲ್ಲ. ಆ ಎಣ್ಣೆಯಲ್ಲಿದ್ದ ಅಂಶಕ್ಕೆ 1922ರಲ್ಲಿ ಅಮೆರಿಕದ ಮೆಕಾಲಂ ವಿಟಮಿನ್ ಡಿ ಎಂದು ಹೆಸರಿಟ್ಟರು. ಮೆಲನ್ಬಿ ಕಂಡ ಇನ್ನೊಂದು ಸಂಗತಿಯನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ಓಟ್ಸ್ ತಿಂದ ಮರಿಗಳಲ್ಲಿ ರಿಕೆಟ್ಸ್ ಹೆಚ್ಚು ಉಗ್ರವಾಗಿತ್ತು. ಇದಕ್ಕೆ ಕಾರಣ ಫೈಟೇಟ್ ಎಂದು ಮುಂದೆ ತಿಳಿಯಿತು. ಬೀಜವು ತನ್ನ ಮೊಳಕೆಗಾಗಿ ರಂಜಕವನ್ನು ಕೂಡಿಡುವುದು ಈ ರೂಪದಲ್ಲಿ. ನಮ್ಮ ಕರುಳಿನಲ್ಲಿ ಅದು ಕ್ಯಾಲ್ಸಿಯಂ, ಕಬ್ಬಿಣ, ಸತುವನ್ನು ಬಿಗಿಯಾಗಿ ಹಿಡಿದುಕೊಂಡು ಹೊರಗೆ ಹೋಗಿಬಿಡುತ್ತದೆ.

1960–70ರ ದಶಕದಲ್ಲಿ ಗ್ಲಾಸ್ಗೋ ಮತ್ತು ಬ್ರಿಟನ್ನಿನ ಇತರ ನಗರಗಳಲ್ಲಿ ನೆಲೆಸಿದ್ದ ಭಾರತ, ಪಾಕಿಸ್ತಾನ ಮೂಲದ ಕುಟುಂಬಗಳಲ್ಲಿ ರಿಕೆಟ್ಸ್ ಮತ್ತೆ ಕಾಣಿಸಿಕೊಂಡಾಗ ವೈದ್ಯರ ಕಣ್ಣು ಬಿದ್ದದ್ದು ಬಿಸಿಲಿನ ಕೊರತೆಯ ಜೊತೆಗೆ ಚಪಾತಿಯ ಮೇಲೂ. ಹುದುಗು ಬರಿಸದ ಇಡೀ ಗೋಧಿಯ ಹಿಟ್ಟಿನಲ್ಲಿ ಫೈಟೇಟ್ ಹಾಗೆಯೇ ಉಳಿದಿರುತ್ತದೆ. 1987ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನೆ ಇದರ ಗುಟ್ಟು ಬಿಡಿಸಿತು. ಕ್ಯಾಲ್ಸಿಯಂ ಕಡಿಮೆ ಸಿಕ್ಕ ಇಲಿಗಳಲ್ಲಿ ಪ್ಯಾರಾಥೈರಾಯ್ಡ್ ಹಾರ್ಮೋನು ಏರುತ್ತದೆ, ಅದರ ಒತ್ತಡಕ್ಕೆ ಮೂತ್ರಪಿಂಡ ಡಿಯ ಚುರುಕು ರೂಪವನ್ನು ಹೆಚ್ಚು ತಯಾರಿಸುತ್ತದೆ, ಆ ಚುರುಕು ರೂಪವು ಯಕೃತ್ತಿನಲ್ಲಿ ಡಿಯ ದಾಸ್ತಾನು ಬೇಗ ಬೇಗ ನಾಶವಾಗುವಂತೆ ಮಾಡುತ್ತದೆ. ಅಂದರೆ ಕ್ಯಾಲ್ಸಿಯಂ ಕೊರತೆಯೇ ಡಿ ಕೊರತೆಯನ್ನು ತಂದಿಡಬಲ್ಲದು.

ನಮ್ಮ ಪಕ್ಕದ ತಿರುಪತಿಯ ಶ್ರೀ ವೆಂಕಟೇಶ್ವರ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ವಿ. ಹರಿನಾರಾಯಣ ಮತ್ತು ಸಂಗಡಿಗರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ದಕ್ಷಿಣ ಭಾರತದ ಆರೋಗ್ಯವಂತರ ಊಟದಲ್ಲಿ ದಿನಕ್ಕೆ ಸುಮಾರು 300 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರ ಇತ್ತು, ಫೈಟೇಟ್ ಧಾರಾಳವಾಗಿತ್ತು. ಬಿಸಿಲಲ್ಲೇ ದುಡಿಯುವ ಹಳ್ಳಿಗರಲ್ಲೂ ಡಿ ಕೊರತೆ ಕಂಡುಬಂತು. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಅದರ ಮೂರನೇ ಒಂದು ಭಾಗವೂ ಸಿಗದೆ, ಸಿಕ್ಕಿದ್ದನ್ನು ಫೈಟೇಟ್ ಹಿಡಿದುಕೊಂಡರೆ ಬಿಸಿಲು ಎಷ್ಟು ಬಿದ್ದರೇನು?

ಇದನ್ನು ಓದಿ ರಾಗಿ ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರಾವ ಧಾನ್ಯದಲ್ಲೂ ಇಷ್ಟಿಲ್ಲ. ಅದನ್ನು ಬಿಡಿಸಿಕೊಳ್ಳುವ ದಾರಿ ನಮ್ಮ ಹಿರಿಯರ ಕೈಯಲ್ಲೇ ಇತ್ತು. ರಾಗಿಯನ್ನು ತೊಳೆದು ಇಡೀ ರಾತ್ರಿ ನೆನೆಹಾಕಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿಡಿ. ಆಗಾಗ ನೀರು ಚಿಮುಕಿಸುತ್ತಿದ್ದರೆ ಒಂದೂವರೆ ದಿನದೊಳಗೆ ಬಿಳಿ ಮೊಳಕೆ ಬಟ್ಟೆಯ ಎಳೆಗಳ ನಡುವೆ ಇಣುಕುತ್ತದೆ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಫೈಟೇಸ್ ಎಂಬ ಕಿಣ್ವ ಕೆಲಸ ಶುರುಮಾಡಿ ಫೈಟೇಟನ್ನು ತುಂಡರಿಸುತ್ತದೆ. ಆಮೇಲೆ ಒಣಗಿಸಿ, ಕೈಯಲ್ಲಿ ಉಜ್ಜಿ ಮೊಳಕೆಯ ಬಾಲ ಉದುರಿಸಿ, ಘಮ ಬರುವಷ್ಟು ಹುರಿದು ಬೀಸಿದರೆ ಹುರಿಹಿಟ್ಟು. ಈ ಕ್ರಮ ತಪ್ಪಬಾರದು. ಕಾಳನ್ನು ಮೊದಲೇ ಹುರಿದುಬಿಟ್ಟರೆ ಕಿಣ್ವ ಸತ್ತುಹೋಗುತ್ತದೆ, ರುಚಿ ಮಾತ್ರ ಉಳಿಯುತ್ತದೆ. ಅಂಗಡಿಯಲ್ಲಿ ಹುರಿಹಿಟ್ಟು ಕೊಳ್ಳುವಾಗ ಮೊಳಕೆ ಬರಿಸಿದ್ದು ಹೌದೇ ಎಂದು ಕೇಳಿ.

ಅಂಬಲಿಗೂ ಇದೇ ಮಾತು. ಹಸಿ ಹಿಟ್ಟನ್ನು ನೀರಿನಲ್ಲಿ ಕದಡಿ ಒಂದು ಸೌಟು ಮಜ್ಜಿಗೆ ಹಾಕಿ ರಾತ್ರಿ ಹುಳಿಯಲು ಬಿಟ್ಟು ಬೆಳಗ್ಗೆ ಬೇಯಿಸಿದರೆ ಫೈಟೇಟ್ ಹೆಚ್ಚು ಇಳಿಯುತ್ತದೆ, ಬೇಯಿಸಿದ ಮೇಲೆ ಹುಳಿ ಬರಿಸಿದರೆ ಅಷ್ಟು ಇಳಿಯದು. ಇಡ್ಲಿ, ದೋಸೆಯ ಹುದುಗಿನಲ್ಲೂ ಈ ಲಾಭವಿದೆ. ಚಪಾತಿ ಹಿಟ್ಟಿಗೆ ಸ್ವಲ್ಪ ಮೊಸರು ಸೇರಿಸಿ ಒಂದೆರಡು ಗಂಟೆ ಬಿಟ್ಟರೆ ಅಲ್ಲೂ ಅಷ್ಟಿಷ್ಟು ಕಡಿಮೆಯಾಗುತ್ತದೆ. ಗೋಧಿ ಹೊಟ್ಟನ್ನು ಬೇರೆಯಾಗಿ ಚಮಚಗಟ್ಟಲೆ ಬೆರೆಸಿಕೊಂಡು ತಿನ್ನುವುದನ್ನು ಡಿ ಕೊರತೆ ಇರುವವರು ಸದ್ಯಕ್ಕೆ ನಿಲ್ಲಿಸುವುದು ಒಳ್ಳೆಯದು. ಹೆಚ್ಚು ನಾರಿನ ಆಹಾರದಿಂದ ರಕ್ತದಲ್ಲಿನ ಡಿ ಬೇಗ ಕರಗುತ್ತದೆ ಎಂದು 1983ರಲ್ಲೇ ಬ್ರಿಟನ್ನಿನ ಪ್ರಯೋಗವೊಂದು ತೋರಿಸಿದೆ.

ಸೊಪ್ಪಿನ ಲೆಕ್ಕ, ಎಳ್ಳಿನ ಲೆಕ್ಕ

ಸೊಪ್ಪುಗಳಲ್ಲಿ ಕ್ಯಾಲ್ಸಿಯಂ ಹಿಡಿದಿಟ್ಟು ತೊಡಕು ಮಾಡುವುದು ಆಕ್ಸಲೇಟ್. ಅಮೆರಿಕದ ರಾಬರ್ಟ್ ಹೀನಿ, ಕಾನಿ ವೀವರ್ ಮತ್ತಿತರರು 1988ರಲ್ಲಿ ಅಳೆದು ನೋಡಿದಾಗ ಹಾಲಿನ ಕ್ಯಾಲ್ಸಿಯಂ ಶೇ. 28ರಷ್ಟು ಮೈಗೆ ಸೇರಿತು, ಪಾಲಕ್‌ನದು ಶೇ. 5 ಮಾತ್ರ. ಹರಿವೆ, ದಂಟು, ಬಸಳೆಯಲ್ಲೂ ಆಕ್ಸಲೇಟ್ ಹೆಚ್ಚು. ಮೆಂತ್ಯ ಸೊಪ್ಪು, ಮೂಲಂಗಿ ಸೊಪ್ಪು, ಸಾಸಿವೆ ಸೊಪ್ಪು, ಎಲೆಕೋಸಿನ ಹೊರಗಿನ ಹಸಿರು ಎಲೆಗಳಲ್ಲಿ ಕಡಿಮೆ. ಕೋಸಿನ ಜಾತಿಯ ಸೊಪ್ಪುಗಳ ಕ್ಯಾಲ್ಸಿಯಂ ಹಾಲಿನಷ್ಟೇ ಚೆನ್ನಾಗಿ ಹೀರಲ್ಪಡುತ್ತದೆ. ಅಂಗಡಿಯವರು ಕಿತ್ತು ಬಿಸಾಡುವ ಮೂಲಂಗಿ ಸೊಪ್ಪನ್ನು ಕೇಳಿ ಪಡೆದು ಪಲ್ಯ ಮಾಡಿ.

ಸೊಪ್ಪನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ ಕರಗುವ ಆಕ್ಸಲೇಟ್ ನೀರಿಗೆ ಇಳಿಯುತ್ತದೆ. ನಮ್ಮ ಬಸ್ಸಾರಿನಲ್ಲಿ ಆ ಬಸಿದ ನೀರೇ ಸಾರಾಗುತ್ತದೆ! ಮೆಂತ್ಯ ಸೊಪ್ಪಿಗೆ ಚಿಂತೆಯಿಲ್ಲ. ದಂಟಿನ ಸೊಪ್ಪಿನ ಬಸ್ಸಾರು ಮಾಡುವ ಮನೆಯಲ್ಲಿ ಮೂತ್ರಪಿಂಡದ ಕಲ್ಲಿನ ತೊಂದರೆಯಿರುವವರಿದ್ದರೆ ಅವರಿಗೆ ಪಲ್ಯ ಹೆಚ್ಚು, ಸಾರು ಕಡಿಮೆ ಬಡಿಸಿ, ಜೊತೆಗೆ ಮೊಸರಿರಲಿ. ಹಸಿ ಪಾಲಕ್ ರುಬ್ಬಿ ದಿನಾ ಲೋಟಗಟ್ಟಲೆ ಕುಡಿಯುವ ಹೊಸ ರೂಢಿ ನನಗಂತೂ ಒಪ್ಪಿಗೆಯಿಲ್ಲ.

ಪಾಲಕ್ ನಿಷ್ಪ್ರಯೋಜಕ ಎಂದು ಇದರರ್ಥವಲ್ಲ. ಹಸಿರು ಸೊಪ್ಪೆಲ್ಲದರಲ್ಲೂ ವಿಟಮಿನ್ ಕೆ ಇದೆ. ಮೂಳೆಯ ಆಸ್ಟಿಯೋಕ್ಯಾಲ್ಸಿನ್ ಎಂಬ ಪ್ರೋಟೀನು ಕ್ಯಾಲ್ಸಿಯಂ ಹಿಡಿಯಲು ಶಕ್ತವಾಗುವುದು ಅದರಿಂದ. ರಕ್ತ ತಿಳಿಯಾಗಲು ವಾರ್ಫರಿನ್ ಅಥವಾ ಅಸೆನೊಕೌಮರಾಲ್ ತೆಗೆದುಕೊಳ್ಳುವವರು ಮಾತ್ರ ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಏರಿಸಬಾರದು, ಇಳಿಸಲೂಬಾರದು.

ಎಳ್ಳಿನ ಬಗ್ಗೆ ಹರಿದಾಡುವ ಸಂಖ್ಯೆಗಳು ದೊಡ್ಡವು. ಸಿಪ್ಪೆಯಿರುವ ಎಳ್ಳಿನ ನೂರು ಗ್ರಾಮಿನಲ್ಲಿ ಸಾವಿರ ಮಿಲಿಗ್ರಾಂ ದಾಟುವ ಕ್ಯಾಲ್ಸಿಯಂ ಇರುವುದು ನಿಜ. ಅದರ ಬಹುಪಾಲು ಸಿಪ್ಪೆಯಲ್ಲಿ ಆಕ್ಸಲೇಟ್ ಆಗಿ ಕೂತಿರುತ್ತದೆ. ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. ಎಳ್ಳುಂಡೆಯನ್ನು ರುಚಿಗೆ, ಕೊಬ್ಬಿಗೆ ತಿನ್ನಿ, ಹಾಲು ಮೊಸರಿಗೆ ಬದಲಿಯೆಂದು ತಿನ್ನಬೇಡಿ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಸಿಗುತ್ತದೆ, ಅದನ್ನು ಹಿಡಿದಿಡುವ ಫೈಟೇಟ್ ಆಗಲಿ ಆಕ್ಸಲೇಟ್ ಆಗಲಿ ಅಲ್ಲಿಲ್ಲ.

ಗಿಡದಲ್ಲಿ ಡಿ ಇರುವುದೇ ಇಲ್ಲವೇ?

ಇದೆ, ಆದರೆ ನಾವು ಬಯಸುವ ಬಗೆಯಲ್ಲಿ ಅಲ್ಲ. ಅರ್ಜೆಂಟೀನಾದ ಹುಲ್ಲುಗಾವಲುಗಳಲ್ಲಿ ಬದನೆಯ ಕುಲದ ಸೊಲಾನಂ ಗ್ಲಾಕೊಫಿಲ್ಲಂ ಎಂಬ ಗಿಡವಿದೆ. ಮೂತ್ರಪಿಂಡ ತಯಾರಿಸುವ ಚುರುಕಾದ ಡಿ ಅದರ ಎಲೆಯಲ್ಲಿ ಸಕ್ಕರೆಯ ಜೊತೆ ಬೆಸೆದುಕೊಂಡಿರುತ್ತದೆ. ಅದನ್ನು ಮೇದ ದನಗಳ ರಕ್ತನಾಳ, ಶ್ವಾಸಕೋಶಗಳಲ್ಲಿ ಕ್ಯಾಲ್ಸಿಯಂ ಗಟ್ಟಿಕಟ್ಟುತ್ತದೆ, ಕಾಲು ಸೆಟೆದು ದನ ಬಡಕಲಾಗಿ ಸಾಯುತ್ತದೆ. ರಾತ್ರಿರಾಣಿಯ ಹತ್ತಿರದ ನೆಂಟನಾದ, ಹಗಲಿನಲ್ಲಿ ಪರಿಮಳ ಬೀರುವ ಸೆಸ್ಟ್ರಂ ಗಿಡದಲ್ಲೂ ಇಂಥದೇ ಅಂಶವಿದ್ದು ಅಮೆರಿಕದ ಫ್ಲಾರಿಡಾದಲ್ಲಿ ಜಾನುವಾರುಗಳಿಗೆ ಹಾನಿಮಾಡಿದೆ. 'ಗಿಡದ್ದಾದರೆ ಅಪಾಯವಿಲ್ಲ' ಎನ್ನುವವರಿಗೆ ಹೇಳಬೇಕಾದ ಸಂಗತಿ ಇದು.

ಉಪಯೋಗಕ್ಕೆ ಬರುವುದು ಅಣಬೆ. ಅದು ಗಿಡವಲ್ಲ, ಶಿಲೀಂಧ್ರ. ಅದರಲ್ಲಿರುವ ಎರ್ಗೊಸ್ಟೆರಾಲ್ ಬಿಸಿಲಿಗೆ ಡಿ2 ಆಗುತ್ತದೆ. ಮಾರುಕಟ್ಟೆಯ ಬಟನ್ ಅಣಬೆ ಕತ್ತಲಲ್ಲಿ ಬೆಳೆದದ್ದು, ಅದರಲ್ಲಿ ಡಿ ಇಲ್ಲದಷ್ಟೇ. ತಂದ ಅಣಬೆಯನ್ನು ತೆಳ್ಳಗೆ ಹೆಚ್ಚಿ ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ಮಧ್ಯಾಹ್ನದ ನೇರ ಬಿಸಿಲಿಗೆ ಅರ್ಧದಿಂದ ಒಂದು ಗಂಟೆ ಇಡಿ. ಗಾಜಿನ ಮುಚ್ಚಳ ಬೇಡ, ಏಕೆಂದರೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಅಂಚು ಸ್ವಲ್ಪ ಸುರುಟಿಕೊಳ್ಳುವಷ್ಟರಲ್ಲಿ ನೂರು ಗ್ರಾಂ ಅಣಬೆಯಲ್ಲಿ 400 ಯೂನಿಟ್ಟಿಗೂ ಹೆಚ್ಚು ಡಿ2 ತಯಾರಾಗಬಲ್ಲದು. ಒಗ್ಗರಣೆಯ ಬಿಸಿಗೂ ಹೆಚ್ಚಿನಂಶ ಉಳಿಯುತ್ತದೆ. ಕೊರತೆ ತುಂಬಿಸಲು ಇದು ಸಾಲದು, ತುಂಬಿದ್ದನ್ನು ಕಾಪಾಡಿಕೊಳ್ಳಲು ನೆರವಾಗುತ್ತದೆ.

ಹಾಲನ್ನೂ ಬಿಟ್ಟವರಿಗಾಗಿ ಕಲ್ಲುಹೂವಿನ ಬಳಗದ ಲೈಕೆನ್‌ಗಳಿಂದ ತೆಗೆದ ಡಿ3 ಮಾತ್ರೆ ಸಿಗುತ್ತದೆ. ಮಸಾಲೆಗೆ ಹಾಕುವ ಚಿಟಿಕೆ ಕಲ್ಲುಹೂವಿನಿಂದ ಆ ಲಾಭ ನಿರೀಕ್ಷಿಸಬೇಡಿ. ಹಾಲಿನ ಪೊಟ್ಟಣದ ಮೇಲೆ '+ಎಫ್' ಗುರುತಿದ್ದರೆ ಡಿ ಸೇರಿಸಿದ್ದಾರೆಂದು ತಿಳಿಯಿರಿ. ಆದರೆ ಲೀಟರಿಗೆ 200–300 ಯೂನಿಟ್ ಮಾತ್ರ, ಒಂದು ಲೋಟಕ್ಕೆ 40–60.

ಸೋಯಾ, ಮಂಗರವಳ್ಳಿ, ಪುಡಿಗಳು

ಸೋಯಾದಲ್ಲಿರುವ ಜೆನಿಸ್ಟೀನ್, ಡೈಡ್ಜೀನ್ ಎಂಬ ಐಸೋಫ್ಲೇವೋನ್‌ಗಳು ಈಸ್ಟ್ರೋಜನ್ನನ್ನು ಹೋಲುತ್ತವೆ. ಮುಟ್ಟು ನಿಂತ ಮೇಲೆ ಮೂಳೆ ಕರಗುವುದನ್ನು ಇವು ತಡೆಯಬಹುದೆಂಬ ನಿರೀಕ್ಷೆ ದೊಡ್ಡದಿತ್ತು. 2007ರಲ್ಲಿ ಇಟಲಿಯ ಪ್ರಯೋಗವೊಂದರಲ್ಲಿ ದಿನಕ್ಕೆ 54 ಮಿಲಿಗ್ರಾಂ ಜೆನಿಸ್ಟೀನ್ ತೆಗೆದುಕೊಂಡ ಮಹಿಳೆಯರ ಮೂಳೆ ಸಾಂದ್ರತೆ ಎರಡು ವರ್ಷಗಳಲ್ಲಿ ಏರಿತು. 2011ರಲ್ಲಿ ಮಯಾಮಿಯ 248 ಮಹಿಳೆಯರ ಪ್ರಯೋಗದಲ್ಲಿ ದಿನಕ್ಕೆ 200 ಮಿಲಿಗ್ರಾಂ ಸೋಯಾ ಐಸೋಫ್ಲೇವೋನ್ ಕೊಟ್ಟರೂ ಮೂಳೆ ಕರಗುವುದು ನಿಲ್ಲಲಿಲ್ಲ. ಇಟಲಿಯಲ್ಲಿ ಎಲ್ಲರಿಗೂ ಕ್ಯಾಲ್ಸಿಯಂ ಮತ್ತು ಡಿ ಕೊಟ್ಟೇ ಜೆನಿಸ್ಟೀನನ್ನು ಪರೀಕ್ಷಿಸಿದ್ದರು ಎಂಬುದನ್ನು ಮರೆಯಬಾರದು. ಡಿ ಇಲ್ಲದ ಮೈಯಲ್ಲಿ ಸೋಯಾ ಒಂದೇ ಮೂಳೆ ಕಟ್ಟುತ್ತದೆ ಎನ್ನಲು ಆ ಪ್ರಯೋಗವೂ ಆಧಾರವಾಗುವುದಿಲ್ಲ. ತೋಫು, ಸೋಯಾ ಕಾಳನ್ನು ಊಟವಾಗಿ ತಿನ್ನಿ, ಕ್ಯಾಪ್ಸೂಲಿಗೆ ದುಡ್ಡು ಹಾಕಬೇಡಿ. ಒಣದ್ರಾಕ್ಷಿಯಂತೆ ಕಾಣುವ ಪ್ರೂನ್ ಹಣ್ಣಿಗೆ ಇದಕ್ಕಿಂತ ಗಟ್ಟಿ ಆಧಾರವಿದೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ 2022ರ ಪ್ರಯೋಗದಲ್ಲಿ ದಿನಕ್ಕೆ 50 ಗ್ರಾಂ ತಿಂದವರ ಸೊಂಟದ ಮೂಳೆ ಸಾಂದ್ರತೆ ಒಂದು ವರ್ಷ ಇಳಿಯದೆ ನಿಂತಿತು. ಬೆಲೆ ಎಲ್ಲರ ಕೈಗೆಟುಕುವಂಥದ್ದಲ್ಲ, ಸಕ್ಕರೆ ಕಾಯಿಲೆಯವರು ಲೆಕ್ಕವಿಟ್ಟು ತಿನ್ನಬೇಕು.

ಮಂಗರವಳ್ಳಿಗೆ ಕೆಲವೆಡೆ ಸಂದುಬಳ್ಳಿ ಎನ್ನುತ್ತಾರೆ. ನಾಲ್ಕು ಏಣಿನ, ಗೆಣ್ಣು ಗೆಣ್ಣಾದ ರಸವತ್ತಾದ ಬಳ್ಳಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಕ ಡಾ. ಕೆ. ಎನ್. ಉಡುಪ ಮತ್ತು ಜಿ. ಸಿ. ಪ್ರಸಾದ್ 1960ರ ದಶಕದಲ್ಲಿ ಪ್ರಾಣಿಗಳ ಮೇಲೆ ಪ್ರಯೋಗಿಸಿ, ಮುರಿದ ಮೂಳೆ ಇದರಿಂದ ಬೇಗ ಕೂಡುತ್ತದೆ ಎಂದು ವರದಿ ಮಾಡಿದರು. ಮನುಷ್ಯರ ಮೇಲೆ ನಡೆದಿರುವ ಪ್ರಯೋಗಗಳು ಸಣ್ಣವು. ಚಟ್ನಿಯಾಗಿ ತಿನ್ನುವುದಕ್ಕೆ ನನ್ನ ಪೂರ್ತಿ ಸಮ್ಮತಿಯಿದೆ. ಎಳೆಯ ತುದಿಗಳನ್ನಷ್ಟೇ ಆರಿಸಿ, ಕೈಗೆ ಎಣ್ಣೆ ಸವರಿಕೊಂಡು ಏಣಿನ ನಾರು ತೆಗೆದು, ಎಣ್ಣೆಯಲ್ಲಿ ಬಣ್ಣ ಬದಲಾಗುವವರೆಗೆ ಚೆನ್ನಾಗಿ ಹುರಿದು, ಹುಣಸೆಹಣ್ಣು, ಒಣಮೆಣಸು, ಉದ್ದಿನಬೇಳೆ, ಕಾಯಿತುರಿಯೊಂದಿಗೆ ರುಬ್ಬಬೇಕು. ಅರೆಬೆಂದರೆ ನಾಲಗೆ, ಗಂಟಲು ತುರಿಸುತ್ತದೆ. ಬಳ್ಳಿಯಲ್ಲಿರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೇ ಅದಕ್ಕೆ ಕಾರಣ. ಮೂಳೆ ಮುರಿದವರು ಬಳ್ಳಿಯ ಪಟ್ಟು ಕಟ್ಟಿ ಎಕ್ಸ್‌ರೇ ತಪ್ಪಿಸಿಕೊಳ್ಳುವುದನ್ನು ಮಾತ್ರ ಒಪ್ಪಲಾರೆ.

ಹೆಸರಿಲ್ಲದ ಪೊಟ್ಟಣದ ಕೀಲುನೋವಿನ ಪುಡಿಗಳ ಬಗ್ಗೆ ಎಚ್ಚರ ಬೇಕು. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪತ್ತೆಯಾದ ಪ್ರಕರಣಗಳು ನಮ್ಮ ದೇಶದಲ್ಲಿವೆ. ಎರಡೇ ದಿನದಲ್ಲಿ ನೋವು ಮಾಯವಾಗಿ, ಹಸಿವು ಹೆಚ್ಚಿ, ಕೆಲವು ವಾರಗಳಲ್ಲಿ ಮುಖ ಊದಿಕೊಂಡರೆ ಅನುಮಾನಪಡಿ. ಸ್ಟೀರಾಯ್ಡ್ ಮೂಳೆಯನ್ನು ಕರಗಿಸುತ್ತದೆ. ಬಹಳ ದಿನ ತೆಗೆದುಕೊಂಡವರು ಅದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ, ಪೊಟ್ಟಣವನ್ನು ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ರಾಯಚೂರಿನ ಕಡೆ ಫ್ಲೋರೈಡ್ ಇರುವ ಕೊಳವೆಬಾವಿ ನೀರು ಕುಡಿಯುವವರ ಸಂಗತಿ ಬೇರೆ. ಅಲ್ಲಿ ಬೆನ್ನು, ಕೀಲು ಬಿಗಿಯುವುದು ಫ್ಲೋರೋಸಿಸ್‌ನಿಂದಲೂ ಇರಬಹುದು, ಕ್ಯಾಲ್ಸಿಯಂ ಮತ್ತು ಡಿ ಕೊರತೆ ಅದನ್ನು ಇನ್ನಷ್ಟು ಕೆಡಿಸುತ್ತದೆ. ದಿನಕ್ಕೆ 10 ಗ್ರಾಂ ಹುಣಸೆಹಣ್ಣು ತಿಂದ ಶಾಲಾ ಹುಡುಗರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋಯಿತೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2002ರಲ್ಲಿ ತೋರಿಸಿದ್ದಾರೆ. ಹುಳಿ ಸಾರು ಒಳ್ಳೆಯದೇ, ಆದರೆ ಮೊದಲು ಬದಲಾಗಬೇಕಾದ್ದು ಕುಡಿಯುವ ನೀರು.

ಚಿಕಿತ್ಸೆ ಮತ್ತು ಬಿಸಿಲು

ರಕ್ತದಲ್ಲಿ ಡಿ ಮಟ್ಟ ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ, 12ಕ್ಕಿಂತ ಕೆಳಗಿದ್ದರೆ ತೀವ್ರ ಕೊರತೆ. ನಮ್ಮಲ್ಲಿ ಸಾಮಾನ್ಯವಾಗಿ 60,000 ಯೂನಿಟ್ಟಿನ ಸ್ಯಾಷೆಯನ್ನು ವಾರಕ್ಕೊಮ್ಮೆ ಎಂಟು ವಾರ ಕೊಟ್ಟು, ಆಮೇಲೆ ತಿಂಗಳಿಗೊಮ್ಮೆ ಮುಂದುವರಿಸುತ್ತಾರೆ. ಕೊಬ್ಬಿನಂಶವಿರುವ ಊಟದ ನಂತರ ತೆಗೆದುಕೊಂಡರೆ ಚೆನ್ನಾಗಿ ಹೀರಲ್ಪಡುತ್ತದೆ. ವಾರಕ್ಕೊಂದನ್ನು ದಿನಕ್ಕೊಂದು ಎಂದು ತಪ್ಪಾಗಿ ನುಂಗಿ ಆಸ್ಪತ್ರೆ ಸೇರಿದವರಿದ್ದಾರೆ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಮಲಬದ್ಧತೆ, ಮಂಕು ಕಾಣಿಸಿದರೆ ತಕ್ಷಣ ನಿಲ್ಲಿಸಿ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಬೇಕು. ಮನೆಯ ಹಿರಿಯರಿಗಾದರೆ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಗುರುತು ಹಾಕಿಕೊಡಿ.

ಎಳೆಬಿಸಿಲಿನಲ್ಲಿ ಡಿ ಸಿಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಬೆಳಗಿನ ಏಳರ ಬಿಸಿಲು ಹಿತವಾದದ್ದು, ಆದರೆ ಚರ್ಮದಲ್ಲಿ ಡಿ ತಯಾರಿಸುವ ಯುವಿಬಿ ಕಿರಣ ಆಗ ನೆಲ ಮುಟ್ಟುವುದಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತು, ಅಂದರೆ ಹತ್ತರಿಂದ ಮೂರರೊಳಗೆ, ಕೈ ಕಾಲು ತೆರೆದು 20–30 ನಿಮಿಷ ನಿಲ್ಲಬೇಕು. ಕರ್ನಾಟಕದಲ್ಲಿ ಇದು ವರ್ಷವಿಡೀ ಸಾಧ್ಯ. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಯಾವ ಹೊತ್ತಿನ ಬಿಸಿಲಿನಿಂದಲೂ ಸಾಲುವುದಿಲ್ಲ. ನಮ್ಮ ಮೈಬಣ್ಣದವರು ವರ್ಷಪೂರ್ತಿ ದಿನಕ್ಕೆ 400 ಯೂನಿಟ್ ತೆಗೆದುಕೊಳ್ಳುವುದನ್ನು ಪರಿಗಣಿಸಬೇಕೆಂದು ಅಲ್ಲಿನ ಸರ್ಕಾರವೇ ಸಲಹೆ ಕೊಟ್ಟಿದೆ.

ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸುವಾಗ ಡಿ ಒಂದನ್ನೇ ನೋಡದೆ ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್, ಸಾಧ್ಯವಾದರೆ ಪ್ಯಾರಾಥೈರಾಯ್ಡ್ ಹಾರ್ಮೋನನ್ನೂ ನೋಡಲು ಕೇಳಿ. ಡಿ ಏರಿದ್ದರೂ ಪ್ಯಾರಾಥೈರಾಯ್ಡ್ ಹಾರ್ಮೋನು ಇಳಿಯದಿದ್ದರೆ ಊಟದ ಕ್ಯಾಲ್ಸಿಯಂ ಇನ್ನೂ ಸಾಲುತ್ತಿಲ್ಲ ಎನ್ನಲು ಅದೊಂದು ಸುಳಿವು. ಸ್ಯಾಷೆ ಮುಗಿಸಿಯೂ ಡಿ ಏರದಿದ್ದರೆ ಫಿಟ್ಸ್ ಮಾತ್ರೆ, ಕ್ಷಯದ ರಿಫಾಂಪಿಸಿನ್, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ, ಯಕೃತ್ತು ಅಥವಾ ಮೂತ್ರಪಿಂಡದ ತೊಂದರೆ ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ವೈದ್ಯರೊಂದಿಗೆ ಕೂತು ಮಾತಾಡಿ. ಮೂತ್ರಪಿಂಡದ ಕಲ್ಲು, ಸಾರ್ಕಾಯ್ಡೋಸಿಸ್ ಇರುವವರು, ಗರ್ಭಿಣಿಯರು ಯಾವ ಪ್ರಮಾಣವನ್ನೂ ತಾವಾಗಿ ಶುರುಮಾಡಬಾರದು.